ಸಂತೆಗೆ ಹೋದ ದಿನ ಬಂದ ಮಳೆ

ಬರಗಾಲದ ಲೆಕ್ಕ ಬರೆದುಕೊಳ್ಳಲು ಅಧಿಕಾರಿಯೊಬ್ಬರು ಊರಿಗೆ ಬರುತ್ತಾರೆ. ಕಟ್ಟೆಯ ಮೇಲೆ ಕೂತ ಮುದುಕನನ್ನು ಕೇಳುತ್ತಾರೆ: “ನಿಮ್ಮ ಭಾಗದಲ್ಲಿ ಮಳೆಯ ಪ್ರಮಾಣ ಹೇಗಿದೆ?” ಮುದುಕ ಬೀಡಿ ಆರಿಸಿ, ಎದ್ದು ನಿಂತು, ವಿನಯದಿಂದ ಹೇಳುತ್ತಾನೆ: “ಆಗ್ತೈತೆ ಸಾಮಿ. ಹೋದ ವರ್ಷ ಆಯ್ತು. ನಾನು ಸಂತೆಗೆ ಹೋಗಿದ್ದೆ, ನೋಡಾಕಾಗ್ಲಿಲ್ಲ.”

ಬೆಳುಗುಪ್ಪ, ರಾಯದುರ್ಗ, ಗುಮ್ಮಗಟ್ಟ, ಡಿ. ಹಿರೇಹಾಳು ಕಡೆಯ ಯಾವ ಕಟ್ಟೆಯ ಮೇಲೆ ಕೂತರೂ ಇಂಥ ಮಾತು ಕಿವಿಗೆ ಬೀಳುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಅನಂತಪುರ ಜಿಲ್ಲೆ ನಮ್ಮದು. ಶೇಂಗಾ ಬಿತ್ತಿ ಮುಗಿಲು ನೋಡುವುದರಲ್ಲೇ ಇಲ್ಲಿ ಅರ್ಧ ಆಯುಸ್ಸು ಕಳೆಯುತ್ತದೆ. ಅಂಥ ಸೀಮೆಯಲ್ಲಿ ಈ ಮಾತು ಯಾಕೆ ನಗಿಸುತ್ತದೆ ಎಂದು ಬಿಡಿಸಿ ನೋಡಬೇಕು. ‘ಇಲ್ಲಿ ಮಳೆಯೇ ಬರಲ್ಲ ಸಾಮಿ’ ಎಂದಿದ್ದರೆ ಅದೊಂದು ಅಹವಾಲಾಗುತ್ತಿತ್ತು, ಅಧಿಕಾರಿ ಬರೆದುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಮುದುಕ ಹಾಗೆನ್ನಲಿಲ್ಲ. ಮೊದಲು ‘ಆಗ್ತೈತೆ’ ಅಂದ, ಕೇಳುವವನಿಗೆ ಸಮಾಧಾನವಾಯಿತು. ‘ಹೋದ ವರ್ಷ ಆಯ್ತು’ ಅಂದಾಗ ಆ ಸಮಾಧಾನ ಸ್ವಲ್ಪ ಅಲುಗಿತು. ಅಲ್ಲೊಂದು ಚಣ ತಡೆ. ಆಮೇಲೆ ಸಂತೆ ಬಂತು. ಸಂತೆ ಮುಗಿಸಿ ಬರುವಷ್ಟರಲ್ಲಿ ಆ ವರ್ಷದ ಮಳೆಯೂ ಮುಗಿದಿತ್ತು ಎಂಬುದನ್ನು ಆತ ಬಾಯಿಬಿಟ್ಟು ಹೇಳಲೇ ಇಲ್ಲ. ಅದನ್ನು ನಾವೇ ಮನಸ್ಸಿನಲ್ಲಿ ಪೂರ್ತಿ ಮಾಡಿಕೊಂಡೆವು, ಮಾಡಿಕೊಂಡಾಗ ನಗು ಬಂತು. ಅದೇ ಸಂಗತಿಯನ್ನು ‘ಹೋದ ವರ್ಷ ನಾನು ಸಂತೆಗೆ ಹೋದಾಗ ಒಂದು ಸಲ ಮಳೆ ಬಂದಿತ್ತಂತೆ’ ಎಂದು ಹೇಳಿ ನೋಡಿ. ಸುದ್ದಿ ಇರುತ್ತದೆ, ನಗೆ ಇರುವುದಿಲ್ಲ.

ಸರದಿ, ತಡೆ, ಹೇಳದೆ ಬಿಟ್ಟ ಮಾತು ಇವಿಷ್ಟೂ ಯಾವ ನಗೆಗಾರನಿಗಾದರೂ ಬೇಕಾದ ಕಸುಬು. ಆದರೆ ನನಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅಧಿಕಾರಿಯದು ಪುಸ್ತಕದ ಕನ್ನಡ, ಮುದುಕನದು ಮನೆಯ ಕನ್ನಡ. ಇಬ್ಬರಲ್ಲಿ ಗೆದ್ದವನು ಮುದುಕ. ಅವನ ಮಾತನ್ನು ಕೇಳಿ ನಾವು ನಗುತ್ತೇವೆಯೇ ಹೊರತು ಅವನು ಮಾತಾಡುವ ರೀತಿಯನ್ನು ನೋಡಿ ನಗುವುದಿಲ್ಲ. ನಾನು ಮನಸಾರೆ ಮೆಚ್ಚುವ ನಗೆಗಾರರೆಲ್ಲ ಈ ಒಂದು ಕೆಲಸ ಮಾಡಿದವರು. ತಮ್ಮ ಸೀಮೆಯ ಮಾತನ್ನು ಹಾಸ್ಯಕ್ಕೆ ಗುರಿ ಮಾಡದೆ, ಹಾಸ್ಯ ಮಾಡುವವನ ಬಾಯಲ್ಲಿ ಇಟ್ಟವರು.

ಆಂಧ್ರ-ಕರ್ನಾಟಕ ಗಡಿಯ ಜನಕ್ಕೆ ಇದರ ಬೆಲೆ ಚೆನ್ನಾಗಿ ಗೊತ್ತು. ನಮ್ಮ ಕನ್ನಡ ಬೆಂಗಳೂರಿಗೆ ಹೋದರೆ ‘ತೆಲುಗಿನ ವಾಸನೆ’ ಅನ್ನುತ್ತಾರೆ. ನಮ್ಮ ತೆಲುಗು ವಿಜಯವಾಡಕ್ಕೆ ಹೋದರೆ ‘ಕನ್ನಡದೋರಾ?’ ಎಂದು ಕೇಳುತ್ತಾರೆ. ಸಿನಿಮಾದವರಂತೂ ನಮ್ಮನ್ನು ಎರಡೂ ಕಡೆಯಿಂದ ಬಳಸಿಕೊಂಡರು. 1999ರಲ್ಲಿ ‘ಸಮರಸಿಂಹಾ ರೆಡ್ಡಿ’ ಗೆದ್ದ ಮೇಲೆ ತೆಲುಗು ತೆರೆಯಲ್ಲಿ ರಾಯಲಸೀಮೆಯ ಮಾತೆಂದರೆ ಮಚ್ಚು ಬೀಸುವವರ ಮಾತು ಎನ್ನುವಂತಾಯಿತು. ಕನ್ನಡ ಸಿನಿಮಾದಲ್ಲಿ ಬಹುಕಾಲ ಬಯಲುಸೀಮೆಯ ಧಾಟಿ ಬಂದರೆ ಅದು ಮನೆಗೆಲಸದವನದೋ ಪೆದ್ದನದೋ ಆಗಿರುತ್ತಿತ್ತು. ಪಾತ್ರ ಏನು ಹೇಳಿತು ಎಂಬುದರ ಗೊಡವೆ ಯಾರಿಗೂ ಇರಲಿಲ್ಲ, ‘ಹೆಂಗೈತೆ’ ಅಂದರೆ ಸಾಕು, ಟಾಕೀಸು ನಗುತ್ತಿತ್ತು. ಮನೆಯಲ್ಲಿ ತಾಯಿ ಆಡುವ ಮಾತು ತೆರೆಯ ಮೇಲೆ ನಗೆಪಾಟಲಾಗುವುದನ್ನು ನೋಡುತ್ತಾ ಬೆಳೆದ ಮಕ್ಕಳು ಬಸ್ಸಿನಲ್ಲಿ ಧ್ವನಿ ತಗ್ಗಿಸಿ ಮಾತಾಡುವುದನ್ನು ಕಲಿಯುತ್ತಾರೆ.

ಈ ಸ್ಥಿತಿಯನ್ನು ತಿರುಗಿಸಿ ನಿಲ್ಲಿಸಿದ ದೊಡ್ಡ ಮನುಷ್ಯ ನಮ್ಮ ಜಿಲ್ಲೆಯವರೇ. ಹಳೆಯ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ಅನಂತಪುರ ಜಿಲ್ಲೆ ಹುಟ್ಟಿದ್ದು 1882ರಲ್ಲಿ, ಬಳ್ಳಾರಿಯಿಂದ ಬೇರೆಯಾಗಿ. ರಾಯದುರ್ಗ ತಾಲ್ಲೂಕು ಆಮೇಲೂ ಬಳ್ಳಾರಿಯಲ್ಲೇ ಉಳಿದಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ರಾಯದುರ್ಗ, ಆದೋನಿ, ಆಲೂರು ಈ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಬಂದವು, ಉಳಿದ ಏಳು ಮೈಸೂರಿಗೆ ಹೋದವು. ಹಾಗೆ ಹೋದ ಏಳರಲ್ಲಿ ಹರಪನಹಳ್ಳಿಯೂ ಒಂದು. ರಾಯಸಂ ಭೀಮಸೇನರಾವ್ ಅಲ್ಲಿ ಹುಟ್ಟಿದ್ದು 1913ರಲ್ಲಿ. ಲೋಕಕ್ಕೆಲ್ಲ ಅವರು ಬೀಚಿ.

ಬೀಚಿ ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡರು, ಪೊಲೀಸ್ ಇಲಾಖೆಯಲ್ಲಿ ನೌಕರಿ ಹಿಡಿದರು. ಮೊದಮೊದಲು ಕನ್ನಡ ಪುಸ್ತಕವೆಂದರೆ ಅವರಿಗೆ ಅಷ್ಟಕ್ಕಷ್ಟೆ. ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿದ ಮೇಲೆ ತಿರುಗಿದ ಮನಸ್ಸು ಮತ್ತೆ ಹಿಂದೆ ನೋಡಲಿಲ್ಲ. ‘ದಾಸಕೂಟ’ ಬಂತು, ತಿಂಮನೆಂಬ ಪಾತ್ರ ಬಂತು, ‘ಸುಧಾ’ ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗೆ ಉತ್ತರ ಕೊಡುವ ಅಂಕಣ ಬಂತು. ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಕಾವ್ಯನಾಮವನ್ನೇ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಎರಡು ಮೂರು ಭಾಷೆ ಒಟ್ಟಿಗೆ ಕಿವಿಗೆ ಬೀಳುವ ಬಳ್ಳಾರಿಯಂಥ ಊರಲ್ಲಿ ಓಡಾಡಿದವರಿಗೆ ಹಾಗೆ ಬರೆಯಲು ಸಂಕೋಚವಾಗುವುದಿಲ್ಲ.

ತಿಂಮನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಿಂಮ ಓದಿದವನೋ ಓದದವನೋ ಖಚಿತವಿಲ್ಲ. ಒಂದು ಕಡೆ ಗುಮಾಸ್ತ, ಒಂದು ಕಡೆ ಕುಡುಕ, ಇನ್ನೊಂದು ಕಡೆ ಸಾಕ್ಷಿ ಹೇಳಲು ಬಂದವನು. ಅವನ ಬಳಿ ಇರುವುದು ಒಂದೇ ಆಯುಧ. ಕೇಳಿದ ಪ್ರಶ್ನೆಯನ್ನು ಅಕ್ಷರಶಃ ತೆಗೆದುಕೊಂಡು ಅಷ್ಟಕ್ಕೇ ಉತ್ತರ ಕೊಡುತ್ತಾನೆ. ವಕೀಲ ಒಂದು ಅರ್ಥದಲ್ಲಿ ಕೇಳಿರುತ್ತಾನೆ, ತಿಂಮ ಮಾತಿನ ಇನ್ನೊಂದು ತುದಿ ಹಿಡಿದು ಎಳೆಯುತ್ತಾನೆ. ಹಾಗೆ ಎಳೆದಾಗ ಬಯಲಾಗುವುದು ತಿಂಮನ ದಡ್ಡತನವಲ್ಲ, ಪ್ರಶ್ನೆ ಕೇಳಿದವನ ಟೊಳ್ಳು. ಸರ್ಕಾರಿ ನೌಕರ ನೇರವಾಗಿ ಆಡಲಾಗದ ಮಾತನ್ನು ತಿಂಮ ಆಡುತ್ತಾನೆ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಪೊಲೀಸ್ ಠಾಣೆ, ಕಚೇರಿ, ಕೋರ್ಟು ಇವುಗಳ ಸುತ್ತ ದೊಡ್ಡವರ ಭಾಷೆ ಮತ್ತು ಬಡವರ ಭಾಷೆ ಎದುರುಬದುರು ನಿಲ್ಲುವುದನ್ನು ದಿನಾ ಕಂಡ ಕಿವಿ ಅದು.

ವಿಶೇಷವೇನೆಂದರೆ, ಲೋಕದ ಬೇರೆ ಬೇರೆ ಮೂಲೆಯಲ್ಲಿ ನಗೆಗಾರರು ಇದೇ ಉಪಾಯಕ್ಕೆ ಬಂದಿದ್ದಾರೆ. ಕಾನ್ಪುರದ ರಾಜು ಶ್ರೀವಾಸ್ತವ್ 2005ರ ‘ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್’ ವೇದಿಕೆಗೆ ಬಂದಾಗ ಜೊತೆಯಲ್ಲಿ ಗಜೋಧರ್ ಎಂಬ ಹಳ್ಳಿಯವನನ್ನು ಕರೆತಂದರು. ಮುಂಬಯಿಯ ಟೀವಿಗೆ ಅವಧದ ಹಳ್ಳಿಯ ಮಾತು ಬಂದದ್ದು ಆ ಗಜೋಧರನ ಹೆಗಲ ಮೇಲೆ. ರಾಜು 2022ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಜನ ನೆನೆದದ್ದು ಇಬ್ಬರನ್ನೂ. ಅಮೆರಿಕದ ರಿಚರ್ಡ್ ಪ್ರಯರ್ ಕಥೆ ಇನ್ನೂ ತೀಕ್ಷ್ಣವಾದದ್ದು. ಇಲಿನಾಯ್ ರಾಜ್ಯದ ಪಿಯೋರಿಯ ಎಂಬ ಊರಿನ ಬಡ ಕೇರಿಯಲ್ಲಿ ಬೆಳೆದ ಈ ಕಪ್ಪು ಹುಡುಗ ಮೊದಲು ಎಲ್ಲರಿಗೂ ಒಪ್ಪುವಂಥ, ಇಸ್ತ್ರಿ ಮಾಡಿದ ಭಾಷೆಯಲ್ಲಿ ನಗಿಸುತ್ತಿದ್ದ. ದುಡ್ಡೂ ಬರುತ್ತಿತ್ತು. 1967ರಲ್ಲಿ ಲಾಸ್ ವೇಗಸ್‌ನ ಅಲಾದೀನ್ ಹೋಟೆಲಿನ ವೇದಿಕೆಯಿಂದ ನಡುವೆಯೇ ಇಳಿದು ಹೋದ. ಆಮೇಲೆ ಮತ್ತೆ ಬಂದದ್ದು ತನ್ನ ಕೇರಿಯ ಮಾತು ಹೊತ್ತುಕೊಂಡು, ಮಡ್‌ಬೋನ್ ಎಂಬ ಮಾತುಗಾರ ಮುದುಕನ ಸಮೇತ. 1998ರಲ್ಲಿ ಮಾರ್ಕ್ ಟ್ವೈನ್ ಹೆಸರಿನ ಹಾಸ್ಯ ಪ್ರಶಸ್ತಿ ಶುರುವಾದಾಗ ಮೊದಲು ಪಡೆದವನು ಅವನೇ. ತಿಂಮ, ಗಜೋಧರ್, ಮಡ್‌ಬೋನ್ ಈ ಮೂವರನ್ನು ಒಂದು ಕಟ್ಟೆಯ ಮೇಲೆ ಕೂರಿಸಿದರೆ ಬೇಗ ಗೆಳೆಯರಾಗುತ್ತಾರೆ ಎಂದು ನನ್ನ ನಂಬಿಕೆ.

ಇದನ್ನೆಲ್ಲ ಹೊಸ ಶೋಧ ಎಂದುಕೊಳ್ಳಬೇಕಾಗಿಯೂ ಇಲ್ಲ. ನಮ್ಮ ಸೀಮೆಯ ಆಟಗಳಲ್ಲಿ ತಿಂಮನಂಥ ಮನುಷ್ಯನಿಗೆ ಮೊದಲಿನಿಂದ ಜಾಗವಿದೆ. ತೊಗಲುಗೊಂಬೆ ಆಟದಲ್ಲಿ ರಾಮ, ರಾವಣರು ಗಂಭೀರವಾಗಿ ಪದ್ಯದಲ್ಲಿ ಮಾತಾಡುತ್ತಿದ್ದರೆ ನಡುವೆ ಕಿಳ್ಳೇಕ್ಯಾತ ನುಗ್ಗಿ ಬರುತ್ತಾನೆ. ಮೈಬಣ್ಣ ಕಪ್ಪು, ಹೊಟ್ಟೆ ದಪ್ಪ, ಮೈಯೆಲ್ಲ ಕುಣಿತ. ಜೊತೆಗೆ ಬಂಗಾರಕ್ಕ. ಇವರಿಬ್ಬರ ಮಾತು ಊರವರ ಮಾತು, ಜಗಳ ಊರವರ ಜಗಳ. ಆಟ ಯಾವ ಊರಲ್ಲಿ ನಡೆಯುತ್ತದೋ ಆ ಊರಿನ ಸುದ್ದಿ ಇವರ ಬಾಯಲ್ಲಿ ಬರುತ್ತದೆ. ಧರ್ಮಾವರದ ಹತ್ತಿರದ ನಿಮ್ಮಲಕುಂಟ ಈ ಗೊಂಬೆಗಳ ಊರು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಈ ಕಡೆ ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಳ್ಳುವವರೆಗೆ ಇದೇ ಆಟವನ್ನು ಕನ್ನಡದಲ್ಲಿ ಉಳಿಸಿದರು. ಎರಡು ಭಾಷೆ, ಎರಡು ರಾಜ್ಯ, ನಗಿಸುವ ಗೊಂಬೆ ಮಾತ್ರ ಒಂದೇ ವಂಶದ್ದು.

ಬಯಲಾಟದ ಸಾರಥಿಯನ್ನು ನೋಡಿ. ಕಿರೀಟ, ಭುಜಕೀರ್ತಿ ತೊಟ್ಟ ಅರಸ ಹಲಗೆ ಮುರಿಯುವ ಹಾಗೆ ಕುಣಿಯುತ್ತಾ ಬರುತ್ತಾನೆ. ಊರೆಲ್ಲ ಬೆರಗಾಗಿ ನೋಡುತ್ತಿರುವಾಗ ಸಾರಥಿ ಮುಂದೆ ಬಂದು, ನೀವು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣ ಏನು ಎಂದು ಕೇಳುತ್ತಾನೆ. ಮೂರು ಲೋಕ ಗೆದ್ದವನಾದರೂ ನಿಂತು ಉತ್ತರ ಕೊಡಬೇಕು. ಸಾರಥಿಯ ಕೈಯಲ್ಲಿ ಕತ್ತಿಯಿಲ್ಲ, ತಲೆಯ ಮೇಲೆ ಕಿರೀಟವಿಲ್ಲ, ಕೇಳುವ ಅಧಿಕಾರ ಮಾತ್ರ ಇದೆ. ತೆಲುಗಿನ ಬುರ್ರಕಥೆಯಲ್ಲಿ ಇದು ಇನ್ನೂ ಸ್ಪಷ್ಟ. ನಡುವೆ ಕಥೆ ಹೇಳುವವ, ಆಚೆ ಈಚೆ ಇಬ್ಬರು ವಂತಗಾರರು. ಒಬ್ಬನ ಪಾಲಿಗೆ ಹಾಸ್ಯ, ಇನ್ನೊಬ್ಬನ ಪಾಲಿಗೆ ರಾಜಕೀಯ. ಬೊಬ್ಬಿಲಿ ಯುದ್ಧದ ಕಥೆ ನಡೆಯುತ್ತಿರುವಾಗಲೇ ಈ ವರ್ಷದ ಎಲೆಕ್ಷನ್ನಿನ ಮಾತು ಬಂದುಬಿಡುತ್ತದೆ, ಯಾರೂ ತಪ್ಪೆನ್ನುವುದಿಲ್ಲ. ಅಷ್ಟಾವಧಾನದಂಥ ಪಂಡಿತರ ಆಟದಲ್ಲೂ ಎಂಟು ಜನ ಪೃಚ್ಛಕರಲ್ಲಿ ಒಬ್ಬನ ಕೆಲಸ ಅಪ್ರಸ್ತುತ ಪ್ರಸಂಗ. ಅವಧಾನಿ ಛಂದಸ್ಸು, ನಿಷೇಧಾಕ್ಷರಿ ಎಂದು ತಲೆ ಕೆಡಿಸಿಕೊಂಡಿರುವಾಗ ಅಡ್ಡಮಾತು ಹಾಕಿ ಅವನ ಗಮನ ಕೆಡಿಸುವುದಕ್ಕೆಂದೇ ಆತನಿಗೆ ಕುರ್ಚಿ ಹಾಕಿರುತ್ತಾರೆ. ಇವತ್ತಿನ ಸ್ಟ್ಯಾಂಡ್-ಅಪ್ ಕಲಾವಿದರು ಸಭೆಯ ನಡುವಿನಿಂದ ಬರುವ ಅಡ್ಡಮಾತಿಗೆ ಹೆದರುತ್ತಾರೆ. ನಮ್ಮವರು ಅದನ್ನು ಮರ್ಯಾದೆಯಿಂದ ವೇದಿಕೆಯ ಮೇಲೆಯೇ ಕೂರಿಸಿದ್ದರು.

ಆದ್ದರಿಂದ ಗಂಗಾವತಿ ಪ್ರಾಣೇಶ್ ಮೈಕಿನ ಮುಂದೆ ಒಬ್ಬರೇ ನಿಂತಾಗ ನಮ್ಮ ಜನಕ್ಕೆ ಅದು ಪರಕೀಯ ಕಲೆ ಅನ್ನಿಸಲಿಲ್ಲ. ಸ್ಟ್ಯಾಂಡ್-ಅಪ್ ಎಂಬ ಹೆಸರು ನಮ್ಮ ಕಡೆ ಬರುವ ಎಷ್ಟೋ ಮೊದಲು ‘ಹಾಸ್ಯ ಸಂಜೆ’, ‘ನಗೆಹಬ್ಬ’ ಎಂಬ ಹೆಸರಿನಲ್ಲಿ ಅದು ನಡೆದಿತ್ತು. ಗಣೇಶನ ಪೆಂಡಾಲು, ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಮಠದ ಅಂಗಳ, ಎಲ್ಲೆಲ್ಲೂ. ಆಮೇಲೆ ಕ್ಯಾಸೆಟ್ಟು, ಸೀಡಿ, ಈಗ ಮೊಬೈಲು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮಷೀನುಗಳ ಸದ್ದಿನ ನಡುವೆಯೂ ಅವರ ದನಿ ಕೇಳಬಹುದು. ಪ್ರಾಣೇಶ್ ಬೀಚಿಯವರನ್ನು ಓದಿ ಬೆಳೆದವರು, ಅದನ್ನು ಪ್ರತಿ ವೇದಿಕೆಯಲ್ಲೂ ಹೇಳುವವರು. ಜನ ಅವರನ್ನು ಅಭಿನವ ಬೀಚಿ ಎಂದದ್ದು ಸುಮ್ಮನೆ ಅಲ್ಲ.

ಅವರ ಕಸುಬನ್ನು ಗಮನವಿಟ್ಟು ನೋಡಿದರೆ ಮೊದಲು ಕಾಣುವುದು ವೇಗ. ಮಾತು ಓಡುತ್ತದೆ. ಮೇಷ್ಟ್ರು, ಹುಡುಗ, ಹುಡುಗನ ಅಪ್ಪ ಮೂವರ ಸಂಭಾಷಣೆಯನ್ನು ಒಂದೇ ಉಸಿರಿನಲ್ಲಿ, ಮೂರು ದನಿಯಲ್ಲಿ ಹೇಳಿ ಮುಗಿಸುತ್ತಾರೆ. ‘ಅಂದ’, ‘ಅಂದೆ’, ‘ಅಂತಾನ’ ಈ ಪುಟ್ಟ ಕ್ರಿಯಾಪದಗಳೇ ಅವರ ರಂಗಸಜ್ಜಿಕೆ. ವೇಷವಿಲ್ಲ, ಪರದೆಯಿಲ್ಲ. ಓಡುತ್ತಿದ್ದ ಮಾತು ಒಂದು ಕಡೆ ಗಕ್ಕನೆ ನಿಲ್ಲುತ್ತದೆ. ಬಯಲಿನಲ್ಲಿ ಕೂತ ಸಾವಿರಾರು ಜನ ಒಟ್ಟಿಗೆ ನಗುವುದಿಲ್ಲ, ಮುಂದಿನ ಸಾಲು ಮೊದಲು ನಗುತ್ತದೆ, ಹಿಂದೆ ಟ್ರ್ಯಾಕ್ಟರಿನ ಮೇಲೆ ಕೂತವರ ನಗು ಆಮೇಲೆ ಬರುತ್ತದೆ. ಆ ಕೊನೆಯ ನಗು ತಲುಪುವವರೆಗೆ ಕಾಯುವುದು, ಅದು ಇಳಿಯುವ ಮೊದಲೇ ಮುಂದಿನ ಮಾತು ಎತ್ತುವುದು. ಈ ಲೆಕ್ಕ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ನಕ್ಕು ಹಗುರಾದ ಸಭೆಗೆ ಅವರು ನಡುವೆ ಓದಿನ ಮಾತು ಹೇಳುತ್ತಾರೆ, ಟೀವಿ ಆರಿಸಿ ಪುಸ್ತಕ ಹಿಡಿಯಿರಿ ಎನ್ನುತ್ತಾರೆ. ಉಪದೇಶ ಎಂದು ಯಾರೂ ಎದ್ದು ಹೋಗುವುದಿಲ್ಲ.

ಮೈಸೂರಿನ ಪ್ರೊ. ಎಂ. ಕೃಷ್ಣೇಗೌಡರದು ಇದಕ್ಕೆ ತದ್ವಿರುದ್ಧ ನಡೆ. ಕನ್ನಡ ಮೇಷ್ಟ್ರು, ಮಂಡ್ಯದ ಕಡೆಯ ಮಾತು. ಅವರಿಗೆ ಅವಸರವಿಲ್ಲ. ಒಂದು ಪ್ರಸಂಗ ಎತ್ತಿಕೊಂಡರೆ ಅದರ ಮನೆ, ಹಟ್ಟಿ, ದನ, ನೆಂಟರು ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆತಂದು ಕೂರಿಸುತ್ತಾರೆ. ಹಳಗನ್ನಡದ ಒಂದು ಪದ್ಯವೂ ನಡುವೆ ಬಂದು ಹೋದೀತು. ನಗೆ ಬರುವ ಹೊತ್ತಿಗೆ ಆ ಮನೆಯವರೆಲ್ಲ ನಮ್ಮವರೇ ಆಗಿರುತ್ತಾರೆ. ಪ್ರಾಣೇಶರ ಸಭೆಯಲ್ಲಿ ನಕ್ಕು ಹೊಟ್ಟೆ ನೋಯುತ್ತದೆ. ಕೃಷ್ಣೇಗೌಡರ ಸಭೆಯಲ್ಲಿ ನಗುತ್ತಿರುವಾಗಲೇ ಕಣ್ಣು ಒದ್ದೆಯಾಗುವುದುಂಟು. ಇಬ್ಬರಲ್ಲಿ ಯಾರು ಮೇಲು ಎಂದು ಕೇಳಿದರೆ ನಾನು ಆ ದಿನ ಯಾರನ್ನು ಕೇಳಿದ್ದೆನೋ ಅವರ ಹೆಸರು ಹೇಳುತ್ತೇನೆ.

ಮಾಸ್ಟರ್ ಹಿರಣ್ಣಯ್ಯನವರನ್ನು ಬಿಟ್ಟರೆ ಈ ಮಾತು ಪೂರ್ತಿಯಾಗದು. 1934ರಲ್ಲಿ ಹುಟ್ಟಿ 2019ರ ಮೇ ತಿಂಗಳಲ್ಲಿ ತೀರಿಕೊಂಡ ಅವರು ನಾಟಕದವರು, ನಿಜ. ಆದರೆ ‘ಲಂಚಾವತಾರ’ ನೋಡಿದವರಿಗೆ ಗೊತ್ತು, ನಾಟಕದ ನಡುವೆ ಅವರು ಕಥೆಯನ್ನು ಪಕ್ಕಕ್ಕಿಟ್ಟು ಸಭೆಯ ಕಡೆ ತಿರುಗಿ ಮಾತಿಗೆ ನಿಂತರೆ ಉಳಿದ ನಟರೆಲ್ಲ ಕಾಯುತ್ತಾ ನಿಲ್ಲಬೇಕಿತ್ತು. ಬೆಳಗಿನ ಪತ್ರಿಕೆಯ ಸುದ್ದಿ ರಾತ್ರಿಯ ಸಂಭಾಷಣೆಯಾಗುತ್ತಿತ್ತು. ಅದೇ ನಾಟಕ ಸಾವಿರಾರು ಸಲ ನಡೆದರೂ ಒಂದು ದಿನದ ಹಾಗೆ ಇನ್ನೊಂದು ದಿನ ಇರಲಿಲ್ಲ. ಅಧಿಕಾರದಲ್ಲಿದ್ದವರ ಸಿಟ್ಟಿಗೆ ಗುರಿಯಾದರು, ಕೋರ್ಟು ಹತ್ತಿದರು, ಬಾಯಿ ಮುಚ್ಚಲಿಲ್ಲ. ಬುರ್ರಕಥೆಯ ರಾಜಕೀಯದ ವಂತಗಾರ, ಬಯಲಾಟದ ಸಾರಥಿ ಇಬ್ಬರೂ ಒಬ್ಬನೇ ಮನುಷ್ಯನಲ್ಲಿ ಸೇರಿದರೆ ಹೇಗಿರುತ್ತದೋ ಹಾಗಿದ್ದರು.

ಆಂಧ್ರದ ಮಣ್ಣಿನಿಂದ ಹೊರಟವರಲ್ಲಿ ಜಾನಿ ಲೀವರ್ ನನಗೆ ಬಲು ಪ್ರೀತಿ. ಕನಿಗಿರಿಯವರು, ತೆಲುಗು ಮನೆಮಾತಿನ ಬಡ ಕುಟುಂಬ, ಬೆಳೆದದ್ದು ಮುಂಬಯಿಯ ಧಾರಾವಿಯಲ್ಲಿ. ಹಿಂದೂಸ್ತಾನ್ ಲೀವರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಕಾರ್ಮಿಕರ ಸಮಾರಂಭವೊಂದರಲ್ಲಿ ಅಲ್ಲಿನ ಮೇಲಧಿಕಾರಿಗಳನ್ನೇ ಅನುಕರಿಸಿ ತೋರಿಸಿದರು. ಜೊತೆಗಾರರು ಅಂದೇ ಅವರ ಹೆಸರಿಗೆ ಕಂಪನಿಯ ಹೆಸರು ಸೇರಿಸಿದರು. ಕೆಳಗಿನವನು ಮೇಲಿನವನ ನಡಿಗೆ, ಮಾತು, ಗತ್ತು ಎಲ್ಲವನ್ನೂ ಅವನ ಕಣ್ಣೆದುರೇ ಮಾಡಿ ತೋರಿಸುವುದು, ಮೇಲಿನವನೂ ನಗಲೇಬೇಕಾದ ಇಕ್ಕಟ್ಟಿಗೆ ಸಿಗುವುದು. ಬೀಚಿಯ ತಿಂಮ ಕಾಗದದ ಮೇಲೆ ಮಾಡಿದ ಕೆಲಸ ಇದೇ.

ಈಗ ಒಂದು ತಕರಾರು ಹೇಳಬೇಕು. ಪ್ರೀತಿಯಿಂದಲೇ ಹೇಳುತ್ತೇನೆ. ನಮ್ಮ ನಗೆಹಬ್ಬಗಳಲ್ಲಿ ಹೆಂಡತಿಯ ಮೇಲಿನ ಜೋಕುಗಳು ಸಾಕಾಗಿವೆ. ಹೆಂಡತಿ ಬೈಯುತ್ತಾಳೆ, ಹೆಂಡತಿ ಖರ್ಚು ಮಾಡುತ್ತಾಳೆ, ಅತ್ತೆ ಊರಿಗೆ ಹೋಗುವುದಿಲ್ಲ. ಕಪ್ಪು ಬಣ್ಣದವರ ಮೇಲೆ, ದಪ್ಪ ಮೈಯವರ ಮೇಲೆ, ತೊದಲುವವರ ಮೇಲೆ ಹಾಸ್ಯ. ಟೀವಿಯ ಕಾಮಿಡಿ ಶೋಗಳು, ತೆಲುಗಿನ ‘ಜಬರ್ದಸ್ತ್’ ಇರಲಿ ಕನ್ನಡದ ‘ಕಾಮಿಡಿ ಕಿಲಾಡಿಗಳು’ ಇರಲಿ, ಒಳ್ಳೆಯ ಕಲಾವಿದರನ್ನು ಹಳ್ಳಿಗಳಿಂದ ಹುಡುಕಿ ತಂದದ್ದು ನಿಜ. ಆದರೆ ಗಂಡಸಿಗೆ ಸೀರೆ ಉಡಿಸಿದರೆ ಅರ್ಧ ಕೆಲಸ ಮುಗಿಯಿತು ಎಂದುಕೊಂಡ ದೃಶ್ಯಗಳೂ ಅಲ್ಲಿ ಬೇಕಾದಷ್ಟಿವೆ. ಸಿನಿಮಾದವರು ನಮ್ಮ ಮಾತಿಗೆ ಮಾಡಿದ್ದನ್ನೇ ಇಲ್ಲಿ ಹೆಂಗಸಿನ ಮೈಗೆ ಮಾಡಿದಂತಾಯಿತು. ಏನು ಹೇಳಿದಳು ಎಂಬುದು ಬೇಕಿಲ್ಲ, ಹೆಂಗಸಾಗಿ ಕಂಡರೆ ಸಾಕು.

ಅದಕ್ಕೇ ಸುಧಾ ಬರಗೂರು, ಇಂದುಮತಿ ಸಾಲಿಮಠ ಅಂಥವರು ಮೈಕು ಹಿಡಿದಾಗ ಸಭೆಯ ಎಡಗಡೆ, ಹೆಂಗಸರು ಕೂತ ಜಾಗದಿಂದ ಬರುವ ನಗೆಯ ಬಣ್ಣವೇ ಬೇರೆ.   ನೀರಿನ ಟ್ಯಾಂಕರಿನ ಹತ್ತಿರ, ಶೇಂಗಾ ಬಿಡಿಸುವ ಕಣದಲ್ಲಿ, ಮದುವೆಯ ಅಡುಗೆಮನೆಯಲ್ಲಿ ಹೆಂಗಸರು ಆಡುವ ಹಾಸ್ಯವನ್ನು ಕೇಳಿದವರಿಗೆ ಗೊತ್ತು, ಊರಿನ ಅತ್ಯಂತ ಚುರುಕಾದ ನಗೆಗಾರರು ಇದುವರೆಗೆ ವೇದಿಕೆ ಹತ್ತಿಲ್ಲ. ಗಂಡಸರು ಬಂದರೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಕಣದಲ್ಲಿ ಕೂತು ಊರ ಗೌಡನ ನಡಿಗೆಯನ್ನು ಕೈಬೆರಳುಗಳಲ್ಲೇ ನಡೆಸಿ ತೋರಿಸುವ ಅಕ್ಕಂದಿರನ್ನು ನಾನು ಕಂಡಿದ್ದೇನೆ. ಎರಡು ಬೆರಳು, ಒಂದು ಶೇಂಗಾ ಸಿಪ್ಪೆಯ ರುಮಾಲು, ಅಷ್ಟರಲ್ಲಿ ಇಡೀ ಗೌಡಿಕೆ ಕಣ್ಣೆದುರು ಬರುತ್ತದೆ.

ಬೆಂಗಳೂರಿನ ಹೊಸ ತಲೆಮಾರಿನವರ ಕೆಲಸವನ್ನೂ ನಾನು ಆಸೆಯಿಂದ ನೋಡುತ್ತೇನೆ. ಇಂಗ್ಲಿಷಿನಲ್ಲಿ ಶುರುವಾದ ಕ್ಲಬ್ಬಿನ ಸ್ಟ್ಯಾಂಡ್-ಅಪ್ ಈಗ ಕನ್ನಡಕ್ಕೂ ಬಂದಿದೆ. ಲೋಲ್‌ಬಾಗ್ ತಂಡದವರು ಅದನ್ನು ಕನ್ನಡದಲ್ಲೇ ಕಟ್ಟಿದರು. ದಾನಿಶ್ ಸೇಠ್ 2020ರ ಲಾಕ್‌ಡೌನಿನಲ್ಲಿ ತಮ್ಮ ಮನೆಯಲ್ಲೇ ಕೂತು ಮಾಡಿದ ಪುಟ್ಟ ವಿಡಿಯೋಗಳಲ್ಲಿ ‘ರಾಮಮೂರ್ತಿ ಅವರೇ’ ಎಂಬ ಒಂದು ಕರೆಯನ್ನು ನಾಡಿಗೆಲ್ಲ ಪರಿಚಯ ಮಾಡಿದರು. ಕನ್ನಡ, ಇಂಗ್ಲಿಷ್, ಹಿಂದಿ ಮೂರೂ ಒಂದೇ ವಾಕ್ಯದಲ್ಲಿ ನುಗ್ಗಾಡುವ ಬೆಂಗಳೂರಿನ ಮಾತನ್ನು ಅವರು ಇದ್ದ ಹಾಗೇ ಹಿಡಿದರು, ತಿದ್ದಲಿಲ್ಲ. ಕೇಳುವ ಕಿವಿ ಶುದ್ಧವಾಗಿದ್ದರೆ ಮಾತು ಶುದ್ಧವಾಗಿರಬೇಕಿಲ್ಲ.

ನನ್ನ ಆಸೆ ಇಲ್ಲಿಂದ ಶುರುವಾಗುತ್ತದೆ. ಬೆಂಗಳೂರಿನ ಕಲಬೆರಕೆ ಮಾತಿಗೆ ಒಬ್ಬ ನಗೆಗಾರ ಸಿಕ್ಕ. ಗಂಗಾವತಿಯ ಮಾತಿಗೆ ಸಿಕ್ಕ, ಮಂಡ್ಯದ ಮಾತಿಗೂ ಸಿಕ್ಕ. ಬೆಳುಗುಪ್ಪ, ರಾಯದುರ್ಗ, ಮಡಕಶಿರಾದ ಕನ್ನಡ-ತೆಲುಗಿಗೆ ಇನ್ನೂ ತನ್ನವನು ಸಿಕ್ಕಿಲ್ಲ. ಅಪ್ಪನ ಜೊತೆ ಕನ್ನಡ, ಅಂಗಡಿಯಲ್ಲಿ ತೆಲುಗು, ಸಿಟ್ಟು ಬಂದರೆ ಯಾವುದು ಮೊದಲು ಬಾಯಿಗೆ ಬರುತ್ತದೋ ಅದು. ಮದುವೆಯ ಮಾತುಕತೆಗೆ ಕೂತ ಎರಡು ಮನೆಯವರು ವರದಕ್ಷಿಣೆಯ ವಿಷಯ ಬಂದೊಡನೆ ಗುಟ್ಟಾಗಲೆಂದು ಭಾಷೆ ಬದಲಿಸುತ್ತಾರೆ, ಎದುರಿನವರಿಗೂ ಆ ಭಾಷೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಕೇಳಿಸದವರಂತೆ ಕೂತಿರುತ್ತಾರೆ. ರೇಷನ್ ಕಾರ್ಡಿನಲ್ಲಿ ಹೆಸರು ತೆಲುಗಿನಲ್ಲಿ ಒಂದು ಥರ, ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ಇನ್ನೊಂದು ಥರ, ನಾನು ಇಬ್ಬರಲ್ಲ, ಒಬ್ಬನೇ ಎಂದು ರುಜುವಾತು ಮಾಡಲು ಅಲೆಯುವವನ ಕಥೆ ಇಲ್ಲಿ ಮನೆಮನೆಯದು. 2022ರಲ್ಲಿ ಮಡಕಶಿರಾ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜನ ಕದಲದಿದ್ದರೂ ಜಿಲ್ಲೆ ಬದಲಾಯಿತು. ಇಷ್ಟು ಸರಕು ಕೈಯಲ್ಲಿದೆ.

ಮೊಬೈಲಿನಲ್ಲಿ ಅರ್ಧ ನಿಮಿಷದ ರೀಲ್ಸ್ ಮಾಡುವ ಹುಡುಗ ಹುಡುಗಿಯರು ಈಗಾಗಲೇ ಈ ಮಿಶ್ರ ಮಾತಿಗೆ ಕೈಹಾಕಿದ್ದಾರೆ. ಅರ್ಧ ನಿಮಿಷ ನಗಿಸುವುದಕ್ಕೆ ಒಂದು ಮಾತು ಸಾಕು, ಒಂದು ತಾಸು ನಗಿಸುವುದಕ್ಕೆ ಊರು ಬೇಕು, ಊರಿನ ಜನ ಬೇಕು, ಒಬ್ಬ ತಿಂಮನೋ ಬಂಗಾರಕ್ಕನೋ ಬೇಕು. ಬರುವ ಗಣೇಶನ ಹಬ್ಬಕ್ಕೆ ಪೆಂಡಾಲಿನವರು ಆರ್ಕೆಸ್ಟ್ರಾಕ್ಕೆ ಇಟ್ಟ ಹೊತ್ತಿನಲ್ಲಿ ಒಂದು ತಾಸು ಇಂಥವರಿಗೆ ಬಿಟ್ಟುಕೊಡಲಿ. ಬರೆದುಕೊಂಡದ್ದನ್ನು ವೇದಿಕೆಗೆ ಒಯ್ಯುವ ಮೊದಲು ಅವರು ಮನೆಯ ಅಜ್ಜಿಯ ಎದುರು ಹೇಳಿ ನೋಡಲಿ. ಎರಡೂ ಮಾತು ಬಲ್ಲ ಅಜ್ಜಿ ಎಲ್ಲಿ ನಕ್ಕಳು, ಎಲ್ಲಿ ‘ಆಮ್ಯಾಲೆ?’ ಅಂದಳು, ಎಲ್ಲಿ ಎದ್ದು ಒಳಗೆ ಹೋದಳು ಎಂಬುದನ್ನು ಪಕ್ಕದಲ್ಲೇ ಗುರುತು ಹಾಕಿಕೊಳ್ಳಲಿ.